ಬೈಕಿನಲ್ಲಿದ್ದವಳ ತಪ್ಪು

ಆಪರೇಷನ್ ಆದ ಮರುದಿನ ನನ್ನನ್ನು ನೋಡಲು ಬಂದ ಪರಿಚಯದ ಹೆಂಗಸೊಬ್ಬರು, ನೋವು ಹೇಗಿದೆ ಎಂದು ಕೇಳುವ ಮೊದಲೇ, ಮಂಚದ ಪಕ್ಕದ ಕುರ್ಚಿ ಎಳೆದುಕೊಳ್ಳುತ್ತ ಕೇಳಿದರು: "ನಿಮಗೆ ಈ ಬೈಕೆಲ್ಲ ಬೇಕಿತ್ತಾ?"

ನನ್ನ ಬಲಗಾಲಿನ ಮೂಳೆಯೊಳಗೆ ಆಗಷ್ಟೇ ಒಂದು ಕಬ್ಬಿಣದ ಸರಳು ಕೂತಿತ್ತು. ಕಾಲು ಮೊಣಕಾಲಿನಿಂದ ಕೆಳಗೆ ನನ್ನದಲ್ಲವೆಂಬ ಹಾಗೆ ಊದಿಕೊಂಡಿತ್ತು. ಆ ಸ್ಥಿತಿಯಲ್ಲಿ ಅವರಿಗೆ ಕೊಡಬಹುದಾದ ಉತ್ತರ ನನ್ನ ಬಳಿ ಇತ್ತು, ಆದರೆ ಬಾಯಿ ಒಣಗಿತ್ತು. ನನ್ನ ಗಂಡ ನನ್ನ ಪರವಾಗಿ ನಕ್ಕರು. "ನಾನೂ ಹೇಳ್ತಾನೇ ಇದ್ದೆ" ಎಂದರು.

ಆ ನಗು ನನಗೆ ಕಾಲಿಗಿಂತ ಹೆಚ್ಚು ನೋಯಿಸಿತು.

ನಾನು ಉಡುಪಿಯ ಕಡೆಯವಳು, ಈಗ ಇರುವುದು ಬಹ್ರೇನಿನಲ್ಲಿ. ಉಮ್ ಅಲ್ ಹಸ್ಸಮ್‌ನ ಒಂದು ಖಾಸಗಿ ಕ್ಲಿನಿಕ್ಕಿನಲ್ಲಿ ಎಕ್ಸ್‌ರೇ ತೆಗೆಯುವುದು ನನ್ನ ಕೆಲಸ. ಮನೆ ಬುಸೈತೀನ್‌ನಲ್ಲಿ. ಗಂಡ ಕಾರ್ಖಾನೆಯೊಂದರ ಮೆಂಟೆನೆನ್ಸ್ ವಿಭಾಗದಲ್ಲಿದ್ದಾರೆ, ಬೆಳಗಾಗುವ ಮೊದಲೇ ಕಾರು ತೆಗೆದುಕೊಂಡು ಹೊರಡುತ್ತಾರೆ. ಮಗಳು ಇಲ್ಲೇ ಹುಟ್ಟಿ ಇಲ್ಲೇ ಹೈಸ್ಕೂಲಿಗೆ ಬಂದವಳು. ಮನೆಯಲ್ಲಿ ನಾವು ತುಳುವಿನಲ್ಲಿ ಮಾತಾಡಿದರೆ ಅವಳು ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಾಳೆ.

ಬೈಕು ಓಡಿಸುವುದನ್ನು ನಾನು ಕಲಿತದ್ದು ಮದುವೆಗೆ ಮುಂಚೆ, ಮಣಿಪಾಲದ ಇಳಿಜಾರಿನಲ್ಲಿ, ಅಣ್ಣನಿಗೆ ದುಂಬಾಲು ಬಿದ್ದು. ಬಹ್ರೇನಿಗೆ ಬಂದ ಮೇಲೆ ಎಷ್ಟೋ ವರ್ಷ ಅದನ್ನು ಮರೆತೇಬಿಟ್ಟಿದ್ದೆ. ಬಸ್ಸಿಗೆ ಕಾದು, ಟ್ಯಾಕ್ಸಿಗೆ ಕಾದು, ಯಾರದೋ ಕಾರಿನಲ್ಲಿ ಹಿಂದಿನ ಸೀಟಿಗಾಗಿ ಕಾದು ಬೇಸರ ಬಂದಾಗ ಲೈಸೆನ್ಸಿಗೆ ಅರ್ಜಿ ಹಾಕಿದೆ. ಊರಿನಲ್ಲಿ ರಸ್ತೆಯ ಎಡಕ್ಕೆ ಒಗ್ಗಿದ್ದ ಕೈ, ಕಣ್ಣು, ಕುತ್ತಿಗೆ ಎಲ್ಲವನ್ನೂ ಬಲಕ್ಕೆ ತಿರುಗಿಸಿಕೊಳ್ಳಬೇಕಿತ್ತು. ಮೊದಲ ಪರೀಕ್ಷೆಯಲ್ಲಿ ಫೇಲಾದೆ. ಎರಡನೆಯದರಲ್ಲಿ ಪಾಸಾದೆ. ಬುಸೈತೀನ್‌ನಿಂದ ಹೊರಟು ಸಮುದ್ರದ ಮೇಲಿನ ಸೇತುವೆ ದಾಟುವಾಗ ಹೆಲ್ಮೆಟಿನ ಒಳಗೆ ನಾನೊಬ್ಬಳೇ ಹಾಡಿಕೊಳ್ಳುತ್ತಿದ್ದೆ. ದಿನದಲ್ಲಿ ನನ್ನದೇ ಅಂತ ಇದ್ದ ಸಮಯ ಅದೊಂದೇ.

ಇದನ್ನು ಹೇಳುವುದಕ್ಕೆ ಕಾರಣವಿದೆ. ನಾನು ಹುಚ್ಚುಹುಚ್ಚಾಗಿ ಓಡಿಸುವವಳಲ್ಲ. ಮುಖ ಪೂರ್ತಿ ಮುಚ್ಚುವ ಹೆಲ್ಮೆಟ್, ಭುಜಕ್ಕೂ ಮೊಣಕೈಗೂ ಗಟ್ಟಿ ಪ್ಯಾಡು ಇರುವ ಜಾಕೆಟ್, ಚರ್ಮದ ಗ್ಲೌಸು, ಕಣಕಾಲು ಮುಚ್ಚುವ ಬೂಟು, ಇಷ್ಟಿಲ್ಲದೆ ನಾನು ಬೈಕಿನ ಮೇಲೆ ಕೂತದ್ದೇ ಇಲ್ಲ. ಜುಲೈ ತಿಂಗಳ ಬಹ್ರೇನಿನಲ್ಲಿ ಆ ಜಾಕೆಟ್ ಹಾಕಿಕೊಳ್ಳುವುದೆಂದರೆ ಏನೆಂದು ಹಾಕಿಕೊಂಡವರಿಗೇ ಗೊತ್ತು. ಕ್ಲಿನಿಕ್ಕಿಗೆ ಮುಟ್ಟುವಾಗ ಒಳಗಿನ ಬಟ್ಟೆ ಹಿಂಡಿದರೆ ನೀರು ಬರುತ್ತಿತ್ತು. ಬದಲಿಸಲು ಇನ್ನೊಂದು ಜೊತೆ ಬಟ್ಟೆ ಬ್ಯಾಗಿನಲ್ಲಿ ಇಟ್ಟುಕೊಂಡೇ ಹೋಗುತ್ತಿದ್ದೆ. ಜಾಕೆಟ್ಟಿನ ಬಣ್ಣ ಗಿಳಿಹಸಿರು. ನನಗೆ ಆ ಬಣ್ಣ ಸ್ವಲ್ಪವೂ ಇಷ್ಟವಿರಲಿಲ್ಲ. ದೂರದಿಂದ ಕಾಣಲಿ ಎಂದೇ ಅದನ್ನು ಆರಿಸಿಕೊಂಡಿದ್ದೆ.

ಅಪಘಾತವಾದದ್ದು ಚಳಿಗಾಲದ ಒಂದು ಬೆಳಿಗ್ಗೆ, ಒಳ್ಳೆಯ ಬೆಳಕಿನಲ್ಲಿ. ಕ್ಲಿನಿಕ್ಕಿಗೆ ಹೋಗುವ ದಾರಿಯಲ್ಲಿ ಕರಕ್ ಎಂಬ ಗಟ್ಟಿ ಹಾಲಿನ ಚಾ ಮಾರುವ ಒಂದು ಅಂಗಡಿ ಇದೆ. ಅಲ್ಲಿ ಯಾರೂ ಕಾರಿನಿಂದ ಇಳಿಯುವುದಿಲ್ಲ. ಅಂಗಡಿಯ ಮುಂದೆ ನಿಲ್ಲಿಸಿ ಹಾರ್ನ್ ಮಾಡಿದರೆ ಚಾ ಕಾರಿನ ಕಿಟಕಿಗೇ ಬರುತ್ತದೆ. ಕೈಯಲ್ಲಿ ಬಿಸಿ ಲೋಟ ಹಿಡಿದುಕೊಂಡೇ ಜನ ಕಾರು ಹೊರಡಿಸುತ್ತಾರೆ. ಆದ್ದರಿಂದ ಆ ಜಾಗ ಬಂದಾಗ ನಾನು ಯಾವಾಗಲೂ ನಿಧಾನ ಮಾಡುತ್ತಿದ್ದೆ. ಅವತ್ತೂ ಮಾಡಿದೆ. ಬಲಗಡೆ ಸಾಲಾಗಿ ನಿಂತಿದ್ದ ಕಾರುಗಳ ಮುಂಚಕ್ರಗಳನ್ನು ನೋಡುತ್ತ ಬಂದೆ. ಡ್ರೈವರನ ಮುಖ ಏನು ಬೇಕಾದರೂ ಹೇಳಬಹುದು, ಕಾರು ಹೊರಡುವುದು ಮೊದಲು ಗೊತ್ತಾಗುವುದು ಚಕ್ರದಲ್ಲಿ. ಬೂದು ಬಣ್ಣದ ಒಂದು ಕಾರಿನ ಚಕ್ರ ನಿಶ್ಚಲವಾಗಿತ್ತು. ಒಳಗಿದ್ದವರ ತಲೆ ಕೆಳಗೆ ಬಾಗಿತ್ತು. ನಾನು ಅದರ ಪಕ್ಕಕ್ಕೆ ಬರುವ ಹೊತ್ತಿಗೆ ಆ ಕಾರು ಎದುರು ಬದಿಗೆ ತಿರುಗಿಸಿಕೊಳ್ಳಲು ಒಮ್ಮೆಲೇ ನುಗ್ಗಿತು.

ಬ್ರೇಕ್ ಹಿಡಿದದ್ದು ನೆನಪಿದೆ. ಬಂಪರು ಬಲಗಾಲಿಗೆ ಹೊಡೆದದ್ದು ನೆನಪಿದೆ. ಕೋಲೊಂದನ್ನು ಒದ್ದೆ ಬಟ್ಟೆಯೊಳಗೆ ಮುರಿದ ಹಾಗೆ ಒಂದು ಸದ್ದು. ಆಮೇಲೆ ರಸ್ತೆ ನನ್ನ ಹೆಲ್ಮೆಟಿನ ಗಲ್ಲದ ಭಾಗವನ್ನು ಉಜ್ಜುತ್ತ ಹೋದ ಶಬ್ದ. ಆ ಶಬ್ದ ನಿಂತಾಗ ನಾನು ಹೊರಳಿ ಅಂಗಾತ ಬಿದ್ದಿದ್ದೆ, ಪೂರ್ತಿ ಎಚ್ಚರವಾಗಿದ್ದೆ.

ಕಾರಿನವರು ಇಳಿದು ಓಡಿ ಬಂದರು. ಅಂಗಿಯ ಮೇಲೆಲ್ಲ ಚಾ ಚೆಲ್ಲಿತ್ತು. "ಐ ಡಿಡ್ ನಾಟ್ ಸೀ, ಐ ಡಿಡ್ ನಾಟ್ ಸೀ" ಎನ್ನುತ್ತ ಬಂದವರೇ ನನ್ನ ಪಕ್ಕ ಕೂತು ಹೆಲ್ಮೆಟನ್ನು ಎರಡೂ ಕೈಯಲ್ಲಿ ಹಿಡಿದು ಎಳೆಯತೊಡಗಿದರು. ಕುತ್ತಿಗೆಗೆ ಪೆಟ್ಟು ಬಿದ್ದಿದ್ದರೆ ಆ ಎಳೆತವೇ ಸಾಕು, ಮತ್ತೆ ಜೀವಮಾನದಲ್ಲಿ ಎದ್ದು ನಿಲ್ಲದಿರಲು. ಎಕ್ಸ್‌ರೇ ಮೇಜಿನ ಮೇಲೆ ಅಂಥವರನ್ನು ನಾನು ನೋಡಿದ್ದೇನೆ. ನಾನು ಹೆಲ್ಮೆಟನ್ನು ಎರಡೂ ಕೈಯಿಂದ ಒತ್ತಿ ಹಿಡಿದು ಕೂಗಿದೆ: "ತೆಗೀಬೇಡಿ. ಮುಟ್ಟಬೇಡಿ."

ಕನ್ನಡ ಕೇಳಿ ಅವರ ಕೈ ನಿಂತಿತು. ಬಗ್ಗಿ ಗಾಜಿನೊಳಗೆ ನೋಡಿದರು. "ನೀವಾ ಮಾರಾಯ್ರೆ" ಎಂದರು.

ನನಗೂ ಗುರುತು ಸಿಕ್ಕಿತು. ನಮ್ಮ ಕಡೆಯವರ ಸಂಘದಲ್ಲಿ ಯಾವ ಕಾರ್ಯಕ್ರಮವಿದ್ದರೂ ವೇದಿಕೆಯ ಮೇಲೆ ಇರುವವರು. ನನ್ನ ಮಗಳಿಗೆ ಒಮ್ಮೆ ಚಿತ್ರಕಲೆಯ ಬಹುಮಾನ ಕೊಟ್ಟವರೂ ಅವರೇ.

ಅಷ್ಟರಲ್ಲಿ ನಮ್ಮ ಹಿಂದೆ ಒಂದು ದೊಡ್ಡ ಕಾರು ರಸ್ತೆಗೆ ಅಡ್ಡವಾಗಿ ಬಂದು ನಿಂತಿತು. ಅದರಿಂದ ಕಪ್ಪು ಅಬಾಯಾ ತೊಟ್ಟ, ನನ್ನ ತಾಯಿಯ ವಯಸ್ಸಿನ ಬಹ್ರೇನಿ ಹೆಂಗಸೊಬ್ಬರು ಇಳಿದರು. ಹಿಂದಿನಿಂದ ಬರುವ ವಾಹನ ನನ್ನ ಮೇಲೆ ಹರಿಯದ ಹಾಗೆ ತನ್ನ ಕಾರನ್ನೇ ಗೋಡೆ ಮಾಡಿ ನಿಲ್ಲಿಸಿದ್ದರು. ಕಾರಿನ ನಾಲ್ಕೂ ದೀಪಗಳು ಮಿನುಗುತ್ತಿದ್ದವು. ಆಂಬುಲೆನ್ಸಿಗೆ ಫೋನು ಮಾಡಿದ್ದೂ ಅವರೇ. ಅರಬ್ಬಿಯಲ್ಲಿ ಎಲ್ಲರನ್ನೂ ದೂರ ಸರಿಸಿ, ನೆಲದಲ್ಲಿ ಕೂತು, ಗ್ಲೌಸು ತೊಟ್ಟ ನನ್ನ ಕೈಯನ್ನು ಆಂಬುಲೆನ್ಸ್ ಬರುವವರೆಗೆ ಹಿಡಿದುಕೊಂಡಿದ್ದರು. ಅವರು ಯಾರೆಂದು ನನಗೆ ಇವತ್ತಿಗೂ ಗೊತ್ತಿಲ್ಲ. ಆ ಬೆಳಿಗ್ಗೆ ಮಾಡಬೇಕಾದ್ದನ್ನು ಮಾಡಿದವರು ಅವರೊಬ್ಬರೇ.

ಸಲ್ಮಾನಿಯಾದ ಆಸ್ಪತ್ರೆಯಲ್ಲಿ ನನ್ನ ಕಾಲಿನ ಚಿತ್ರವನ್ನು ನಾನೇ ಕೇಳಿ ನೋಡಿದೆ. ಮೊಣಕಾಲಿನ ಕೆಳಗಿನ ದಪ್ಪ ಮೂಳೆ ಓರೆಯಾಗಿ ಮುರಿದು, ಎರಡು ತುಂಡುಗಳು ಒಂದರ ಪಕ್ಕಕ್ಕೆ ಒಂದು ಜಾರಿ ನಿಂತಿದ್ದವು. ಕುತ್ತಿಗೆ, ತಲೆ, ಭುಜ, ಕೈ ಎಲ್ಲ ಸರಿಯಿದ್ದವು. ಡಾಕ್ಟರು ನನ್ನ ಜಾಕೆಟ್ ಎತ್ತಿ ಭುಜದ ಹತ್ತಿರ ಹರಿದು ಹೋದ ಬಟ್ಟೆಯನ್ನೂ ಅದರ ಕೆಳಗೆ ಸವೆದ ಪ್ಯಾಡನ್ನೂ ತೋರಿಸಿದರು. "ಇದಿಲ್ಲದಿದ್ದರೆ ಇಲ್ಲಿ ಚರ್ಮ ಇರುತ್ತಿರಲಿಲ್ಲ" ಎಂದು ಇಂಗ್ಲಿಷಿನಲ್ಲಿ ಹೇಳಿದರು. ನನ್ನ ಗಂಡ ಅದನ್ನು ಕೇಳಿಸಿಕೊಂಡರು.

ಟ್ರಾಫಿಕ್ ಪೊಲೀಸ್ ಅಧಿಕಾರಿ ಹೇಳಿಕೆ ತೆಗೆದುಕೊಳ್ಳಲು ಬಂದಾಗ ನಾನು ಔಷಧಿಯ ಮಂಪರಿನಲ್ಲಿದ್ದೆ. ಎರಡು ದಿನ ಬಿಟ್ಟು ಬರುತ್ತೇನೆ ಎಂದು ಅವರು ಹೊರಟು ಹೋದರು. ಅವರಿಗಿಂತ ಮೊದಲು ಬಂದವರು ಕಾರಿನವರು. ಜೊತೆಗೆ ಸಂಘದ ಇಬ್ಬರು ಹಿರಿಯರು. ಪ್ಲಾಸ್ಟಿಕ್ ಹಾಳೆ ಸುತ್ತಿದ ಹಣ್ಣಿನ ಬುಟ್ಟಿಯನ್ನು ಕಿಟಕಿಯ ಕಟ್ಟೆಯ ಮೇಲೆ ಇಟ್ಟು, ದೇವರು ದೊಡ್ಡವನು ಎಂದೆಲ್ಲ ಮಾತಾಡಿದ ಮೇಲೆ ಹಿರಿಯರಲ್ಲಿ ಒಬ್ಬರು ವಿಷಯಕ್ಕೆ ಬಂದರು.

"ಪೊಲೀಸಿನವರು ಬರ್ತಾರಲ್ಲ ಅಮ್ಮ. ಆಗ ನೀವು ಸ್ವಲ್ಪ ಫಾಸ್ಟ್ ಇದ್ರಿ ಅಂತ ಹೇಳಿದ್ರೆ ಆಯ್ತು. ಪೂರ್ತಿ ನಿಮ್ಮದೇ ತಪ್ಪು ಅಂತ ಅಲ್ಲ. ಇಬ್ಬರದ್ದೂ ಸ್ವಲ್ಪ ಸ್ವಲ್ಪ."

"ನಾನು ಫಾಸ್ಟ್ ಇರ್ಲಿಲ್ಲ" ಎಂದೆ.

"ಅದು ನಮಗೂ ಗೊತ್ತುಂಟು."

"ಗೊತ್ತಿದ್ದೂ ಕೇಳುದಾ?"

ಕಾರಿನವರು ಆವರೆಗೆ ನೆಲ ನೋಡುತ್ತಿದ್ದರು. ಈಗ ಮಾತಾಡಿದರು. "ಕಂಪನಿಯ ಕಾರು ಅದು. ನನ್ನ ಮೇಲೆ ಕೇಸ್ ಬಂದ್ರೆ ಕೆಲಸಕ್ಕೇ ತೊಂದರೆ ಆಗ್ತದೆ. ಮಕ್ಕಳು ಓದ್ತಾ ಇದ್ದಾರೆ. ನನಗೆ ಕಾಣಲೇ ಇಲ್ಲ ಅಮ್ಮ, ದೇವರಾಣೆ."

ಅವರ ಹೆದರಿಕೆ ಸುಳ್ಳಲ್ಲ ಎಂದು ನನಗೆ ಗೊತ್ತಾಯಿತು. ಕೆಲಸ ಹೋದರೆ ವೀಸಾ ಹೋಗುವ ದೇಶದಲ್ಲಿ ನಾವೆಲ್ಲರೂ ಇರುವುದು. ನನಗೂ ಅದೇ ಹೆದರಿಕೆ ಇತ್ತು. ಎದ್ದು ನಿಲ್ಲಲಾಗದವಳನ್ನು ಕ್ಲಿನಿಕ್ಕು ಎಷ್ಟು ದಿನ ಇಟ್ಟುಕೊಳ್ಳುತ್ತದೆ ಎಂದು ನಾನೂ ಛಾವಣಿ ನೋಡುತ್ತ ಯೋಚಿಸಿದ್ದೆ. ಆದರೆ ನನ್ನ ಕೆಲಸದ ಬಗ್ಗೆ, ನನ್ನ ಮಗಳ ಓದಿನ ಬಗ್ಗೆ ಆ ಮೂವರಲ್ಲಿ ಒಬ್ಬರೂ ಒಂದು ಮಾತು ಕೇಳಲಿಲ್ಲ. ಮುರಿದ ಕಾಲು ಹೊದಿಕೆಯ ಮೇಲೇ ಇತ್ತು, ಅವರು ಅದನ್ನು ನೋಡದೆಯೇ ಮಾತು ಮುಗಿಸಿದರು.

"ನೀವು ಹೊರಡಿ" ಎಂದೆ.

ಅವರು ಹೋದ ಮೇಲೆ ಗಂಡ ಕಿಟಕಿಯ ಹತ್ತಿರ ನಿಂತು ಹೇಳಿದರು: "ನಮ್ಮವರೇ ಅಲ್ವಾ. ನಾಳೆ ಮುಖ ನೋಡ್ಬೇಕು. ಒಂದು ಮಾತಲ್ಲಿ ಹೋಗುದಾದ್ರೆ ಹೋಗ್ಲಿ."

"ಯಾವ ಮಾತು? ನಾನು ಸುಳ್ಳು ಹೇಳ್ಬೇಕು, ಅದೂ ನನ್ನ ಮೇಲೆಯೇ?"

"ನೀನು ಬೈಕಲ್ಲಿ ಹೋಗದಿದ್ರೆ ಇದೆಲ್ಲ ಆಗ್ತಿತ್ತಾ?"

"ಅವರು ಕಾರಲ್ಲಿ ಹೋಗದಿದ್ರೂ ಆಗ್ತಿರ್ಲಿಲ್ಲ. ಅವರಿಗೆ ಯಾಕೆ ಕಾರು ಅಂತ ಯಾರಾದ್ರೂ ಕೇಳಿದ್ರಾ?"

ಮೂಲೆಯಲ್ಲಿ ನನ್ನ ಫೋನು ನೋಡುತ್ತ ಕೂತಿದ್ದ ಮಗಳು ತಲೆಯೆತ್ತಿ, "ಪಪ್ಪ, ಶೀ ಈಸ್ ರೈಟ್" ಎಂದಳು. ಆಮೇಲೆ ಆ ಫೋನನ್ನು ನನ್ನ ಕೈಗೆ ಕೊಟ್ಟಳು. ಸಂಘದ ಮಹಿಳೆಯರ ವಾಟ್ಸಾಪ್ ಗುಂಪಿನಲ್ಲಿ ಯಾರೋ ಒಂದು ಚಿತ್ರ ಹಾಕಿದ್ದರು. ರಸ್ತೆಯಲ್ಲಿ ಬಿದ್ದಿರುವ ನನ್ನ ಬೈಕು, ಮುರಿದ ಕನ್ನಡಿ, ಒಂದು ಗ್ಲೌಸು. ಕೆಳಗೆ ಕನ್ನಡದಲ್ಲಿ ಬರೆದಿತ್ತು: ತಾಯಂದಿರೇ, ಬೈಕ್ ಹತ್ತುವ ಮುನ್ನ ನಿಮ್ಮ ಮಕ್ಕಳ ಮುಖ ನೆನಪಿಸಿಕೊಳ್ಳಿ. ಅದರ ಕೆಳಗೆ ಕೈಮುಗಿದ ಚಿಹ್ನೆಗಳ ಸಾಲು.

"ಅಮ್ಮಾ, ವೇರ್ ಈಸ್ ದ ಕಾರ್?" ಎಂದಳು ಮಗಳು.

ಕಾರು ಇರಲಿಲ್ಲ. ಚಿತ್ರದ ಬದಿಯನ್ನು ಯಾರೋ ಕತ್ತರಿಸಿ ತೆಗೆದಿದ್ದರು. ನೋಡಿದವರಿಗೆ ಅದು ತನ್ನಷ್ಟಕ್ಕೆ ಬಿದ್ದ ಬೈಕಿನ ಹಾಗೆ ಕಾಣುತ್ತಿತ್ತು. ಬೂದು ಬಣ್ಣದ ಬಂಪರಿನ ಒಂದು ತುದಿ ಮಾತ್ರ, ಕತ್ತರಿಸಿದವರ ಕಣ್ಣು ತಪ್ಪಿ, ಅಂಚಿನಲ್ಲಿ ಉಳಿದಿತ್ತು. ನನ್ನ ಮಗಳು ಅದನ್ನು ಬೆರಳಿನಿಂದ ದೊಡ್ಡದು ಮಾಡಿ ತನ್ನ ತಂದೆಗೆ ತೋರಿಸಿದಳು. ಅವರು ಫೋನನ್ನು ಕೈಗೆ ತೆಗೆದುಕೊಂಡು ನೋಡಿದರು. ನಂತರ ಹಣ್ಣಿನ ಬುಟ್ಟಿಯನ್ನು ಎತ್ತಿಕೊಂಡು ಹೋಗಿ ನರ್ಸುಗಳಿಗೆ ಕೊಟ್ಟು ಬಂದರು.

ಅಧಿಕಾರಿ ಮತ್ತೆ ಬಂದಾಗ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅವರು ಹಿಂದಿಯಲ್ಲಿ ಕೇಳಿದರು, ನಾನು ಹಿಂದಿಯಲ್ಲಿ ಉತ್ತರಿಸಿದೆ. ವೇಗ, ಬೆಳಕು, ನಾನು ಇದ್ದ ಜಾಗ, ಕಾರು ಹೊರಟ ರೀತಿ. "ಅವರು ಏನು ಮಾಡುತ್ತಿದ್ದರು?" ಎಂದು ಕೇಳಿದರು. ತಲೆ ಬಾಗಿಸಿಕೊಂಡಿದ್ದರು, ಯಾಕೆಂದು ನನಗೆ ಗೊತ್ತಿಲ್ಲ, ಎಂದೆ. ನಾನು ನೋಡಿದ್ದು ಅಷ್ಟೇ. ತಪ್ಪು ಕಾರಿನವರದು ಎಂದು ಕೆಲವು ವಾರಗಳ ನಂತರ ತೀರ್ಮಾನವಾಯಿತು. ಅವರ ಕೆಲಸ ಹೋಗಲಿಲ್ಲ, ಕಾರು ಮಾತ್ರ ಕಂಪನಿ ವಾಪಸು ತೆಗೆದುಕೊಂಡಿತು ಎಂದು ಕೇಳಿದೆ. ಇದನ್ನು ನನಗೆ ಹೇಳಿದವರು, ನಾನು ಸಂತೋಷಪಡುತ್ತೇನೋ ಎಂದು ನನ್ನ ಮುಖವನ್ನೇ ನೋಡುತ್ತಿದ್ದರು.

ಮನೆಗೆ ಬಂದ ಮೇಲಿನ ತಿಂಗಳುಗಳನ್ನು ನೆನೆಸಿಕೊಳ್ಳಲು ನನಗೆ ಇಷ್ಟವಿಲ್ಲ. ಸ್ನಾನಕ್ಕೆ ಪ್ಲಾಸ್ಟಿಕ್ ಕುರ್ಚಿ, ನಡೆಯಲು ಅಲ್ಯೂಮಿನಿಯಂ ವಾಕರ್, ಒಂದು ಲೋಟ ನೀರು ಬೇಕಾದರೆ ಮಗಳು ಶಾಲೆಯಿಂದ ಬರುವುದನ್ನೇ ಕಾಯುವುದು, ಏಕೆಂದರೆ ವಾಕರ್ ಹಿಡಿದ ಕೈಯಲ್ಲಿ ಲೋಟ ಹಿಡಿಯುವುದು ಹೇಗೆ? ಊರಿನಿಂದ ಅತ್ತೆ ಫೋನು ಮಾಡಿದಾಗಲೆಲ್ಲ ಕೇಳುತ್ತಿದ್ದುದು ಒಂದೇ: "ಆ ಬೈಕ್ ಮಾರಿ ಆಯ್ತಾ?" ಮಾರಲು ಏನೂ ಉಳಿದಿಲ್ಲ ಅತ್ತೆ, ಗುಜರಿಗೆ ಹೋಯ್ತು, ಎಂದರೆ ಅವರಿಗೆ ಸಮಾಧಾನವಾಗುತ್ತಿತ್ತು. ಗುಜರಿಗೆ ಹೋದ ಸುದ್ದಿಯನ್ನು ಹೀಗೆ ನಾನು ಮತ್ತೆ ಮತ್ತೆ ಹೇಳಬೇಕಾಯಿತು.

ಫಿಸಿಯೋಥೆರಪಿ ಮಾಡಿಸುತ್ತಿದ್ದವರು ಫಿಲಿಪೀನ್ಸ್‌ನ ಒಬ್ಬ ಮಧ್ಯವಯಸ್ಸಿನ ಗಂಡಸು. ಮೆತ್ತಗಿನ ಮಾತು, ಬಿಡದ ಕೈ. ಕಣಕಾಲು ಮಡಚಿಸುವಾಗ ನಾನು ಹಲ್ಲು ಕಚ್ಚುವುದನ್ನು ನೋಡಿ ಒಂದು ದಿನ ಕೇಳಿದರು: "ಮೇಡಂ, ನೋವಾ, ಸಿಟ್ಟಾ?"

"ಸಿಟ್ಟು" ಎಂದೆ.

"ಯಾರ ಮೇಲೆ?"

"ಎಲ್ಲರ ಮೇಲೆ."

"ಒಳ್ಳೆಯದು. ಅವರೆಲ್ಲ ನನ್ನ ಕೈಯಲ್ಲಿ ಇದ್ದಾರೆ ಅಂದುಕೊಂಡು ಒತ್ತಿ."

ಒತ್ತಿದೆ. ಸಿಟ್ಟು ಮಾಡಿಕೊಂಡರೆ ಗಾಯ ಮಾಗುವುದಿಲ್ಲ, ಕ್ಷಮಿಸಿಬಿಡಿ, ಮನಸ್ಸಿಗೆ ನೆಮ್ಮದಿ, ಎಂದು ಮನೆಗೆ ಬಂದವರೆಲ್ಲ ಹೇಳುತ್ತಿದ್ದರು. ನನ್ನ ಅನುಭವ ಬೇರೆ. ವಾಕರ್ ಬಿಟ್ಟು ಊರುಗೋಲಿಗೆ, ಊರುಗೋಲು ಬಿಟ್ಟು ನನ್ನದೇ ಎರಡು ಕಾಲಿಗೆ ನನ್ನನ್ನು ತಂದದ್ದು ಆ ಸಿಟ್ಟೇ. ಪ್ರತಿ ಸಲದ ಎಕ್ಸ್‌ರೇಯಲ್ಲಿ ಮುರಿದ ಜಾಗದ ಸುತ್ತ ಹೊಸ ಮೂಳೆ ಬಿಳಿ ಮೋಡದ ಹಾಗೆ ಕೂಡಿಕೊಳ್ಳುವುದನ್ನು ನೋಡಿದೆ. ಅದಕ್ಕೆ ನನ್ನ ಸಿಟ್ಟಿನಿಂದ ಯಾವ ತೊಂದರೆಯೂ ಆಗಲಿಲ್ಲ.

ನಾನು ಊರುಗೋಲಿನಲ್ಲಿದ್ದಾಗಲೇ ಸಂಘದಿಂದ ಫೋನು ಬಂತು. ರಸ್ತೆ ಸುರಕ್ಷತೆಯ ಕಾರ್ಯಕ್ರಮವಂತೆ. ನಾನು ಬಂದು ಅನುಭವ ಹೇಳಬೇಕಂತೆ. "ನಿಮ್ಮ ಆ ಒಡೆದ ಹೆಲ್ಮೆಟ್ ಉಂಟಲ್ಲ, ಅದನ್ನೂ ತನ್ನಿ. ಬೈಕ್ ಎಷ್ಟು ಡೇಂಜರ್ ಅಂತ ಮಕ್ಕಳಿಗೆ ಗೊತ್ತಾಗ್ಲಿ" ಎಂದರು ಫೋನು ಮಾಡಿದವರು. ಹೋಗುವುದು ಬೇಡ ಎಂದು ಗಂಡ ಹೇಳುತ್ತಾರೆ ಅಂದುಕೊಂಡಿದ್ದೆ. ಅವರು, "ಹೋಗು. ನಾನು ಕರ್ಕೊಂಡು ಹೋಗ್ತೇನೆ" ಎಂದರು.

ಸಭಾಂಗಣದಲ್ಲಿ ಮೊದಲ ಸಾಲಿನಲ್ಲಿ ಕಾರಿನವರು ಕೂತಿದ್ದರು. ಸಂಘದವರಿಗೆ ಅದು ಹೊಳೆಯಲೇ ಇಲ್ಲವೋ, ಹೊಳೆದೂ ಪರವಾಗಿಲ್ಲ ಎನಿಸಿತೋ ಗೊತ್ತಿಲ್ಲ. ವೇದಿಕೆ ಹತ್ತಿಸಲು ಗಂಡ ಕೈ ಕೊಟ್ಟರು. ಮೈಕಿನ ಮುಂದೆ ನಿಂತಾಗ ನನಗೆ ಬರೆದುಕೊಂಡು ಬಂದದ್ದೆಲ್ಲ ಮರೆತು ಹೋಯಿತು. ಹೆಲ್ಮೆಟನ್ನು ಮೇಜಿನ ಮೇಲಿಟ್ಟೆ.

"ಇದನ್ನು ನಿಮಗೆ ಹೆದರಿಸಲಿಕ್ಕೆ ತಂದದ್ದಲ್ಲ" ಎಂದೆ. "ಇದು ತನ್ನ ಕೆಲಸ ಮಾಡಿತು. ಇಲ್ಲಿ ಗಲ್ಲದ ಹತ್ತಿರ ಸವೆದದ್ದು ನೋಡಿ. ಅದು ನನ್ನ ಮುಖ ಆಗ್ತಿತ್ತು. ಇನ್ನು ಇದನ್ನು ಯಾರೂ ಹಾಕಿಕೊಳ್ಳುವ ಹಾಗಿಲ್ಲ. ಹೊರಗೆ ಬಣ್ಣ ಹೊಡೆದರೂ ಒಳಗಿನ ಥರ್ಮಾಕೋಲು ಒಮ್ಮೆ ಜಜ್ಜಿದರೆ ಮುಗೀತು. ಬೈಕ್ ಓಡಿಸುವವರು ಇಲ್ಲಿ ಇದ್ದರೆ ಇಷ್ಟು ಕೇಳಿ. ಪಟ್ಟಿ ಸರಿಯಾಗಿ ಬಿಗಿಯಿರಿ. ಸೆಕೆ ಅಂತ ಜಾಕೆಟ್ ಬಿಡಬೇಡಿ. ಯಾರಾದರೂ ಬಿದ್ದರೆ ಅವರ ಹೆಲ್ಮೆಟ್ ಎಳೆಯಬೇಡಿ. ನನ್ನ ಅನುಭವ ಮುಗೀತು."

ಜನ ಚಪ್ಪಾಳೆಗೆ ಕೈಯೆತ್ತಿದ್ದರು. ನಾನು ಮುಂದುವರಿಸಿದೆ.

"ಆದರೆ ಇಲ್ಲಿ ಕೂತವರಲ್ಲಿ ಹೆಚ್ಚಿನವರು ಕಾರಿನವರು. ನಿಮಗೆ ಯಾಕೆ ಯಾರೂ ಏನೂ ಹೇಳುವುದಿಲ್ಲ? ನನ್ನ ಕಾಲು ಮುರಿದದ್ದು ಬೈಕಿನಿಂದ ಅಲ್ಲ, ಕಾರಿನಿಂದ. ನಾನು ಗಿಳಿಹಸಿರು ಬಣ್ಣದಲ್ಲಿದ್ದೆ, ಹಗಲಾಗಿತ್ತು, ದೀಪ ಹಾಕಿದ್ದೆ. ಕಾಣಲಿಲ್ಲ ಅನ್ನುವುದು ಬೇರೆ, ನೋಡಲಿಲ್ಲ ಅನ್ನುವುದು ಬೇರೆ. ನೀವು ನೋಡದೆ ಇದ್ದದ್ದಕ್ಕೆ ನನಗೆ ಬುದ್ಧಿ ಹೇಳುವುದನ್ನು ದಯವಿಟ್ಟು ನಿಲ್ಲಿಸಿ. ನನ್ನ ಬೈಕಿನ ಚಿತ್ರದಿಂದ ಕಾರನ್ನು ಕತ್ತರಿಸಿದವರು ಯಾರೋ, ಅವರೂ ಇಲ್ಲೇ ಇರಬಹುದು. ಅವರಿಗೂ ಇದೇ ಮಾತು."

ಚಪ್ಪಾಳೆ ಬರಲಿಲ್ಲ. ಹಿಂದಿನ ಸಾಲಿನಲ್ಲಿ ಒಬ್ಬರೋ ಇಬ್ಬರೋ ತಟ್ಟಿದರು, ಅವರೂ ನಿಲ್ಲಿಸಿದರು. ನಿರೂಪಕಿ ಬಂದು, ತುಂಬ ಭಾವನಾತ್ಮಕವಾದ ಮಾತುಗಳು ಎಂದು ಹೇಳಿ ಮುಂದಿನ ಹಾಡಿಗೆ ಹೋದಳು. ಭಾವನಾತ್ಮಕವಂತೆ. ನಾನು ಹೇಳಿದ್ದರಲ್ಲಿ ನಡೆದ ಸಂಗತಿ ಬಿಟ್ಟರೆ ಬೇರೇನಿತ್ತು?

ಊಟದ ಹೊತ್ತಿಗೆ ಕಾರಿನವರು ತಟ್ಟೆ ಹಿಡಿದುಕೊಂಡು ನಾನು ಕೂತಲ್ಲಿಗೆ ಬಂದರು. "ನೀವು ನನ್ನ ಹೆಸರು ಹೇಳ್ಲಿಲ್ಲ. ಉಪಕಾರ ಆಯ್ತು" ಎಂದರು.

"ಉಪಕಾರ ಅಲ್ಲ. ನಿಮ್ಮ ಹೆಸರು ನನಗೆ ಬೇಕಾಗಿಲ್ಲ. ನೀವು ಇಷ್ಟು ದಿನ ಆದ್ರೂ ತಪ್ಪಾಯ್ತು ಅಂತ ಒಂದು ಮಾತು ಹೇಳ್ಲಿಲ್ಲ."

"ಅವತ್ತೇ ಹೇಳಿದೆನಲ್ಲ, ಕಾಣ್ಲಿಲ್ಲ ಅಂತ..." ತಟ್ಟೆಯನ್ನು ಪಕ್ಕದ ಮೇಜಿನ ಮೇಲಿಟ್ಟರು. ಸುತ್ತ ಯಾರಿದ್ದಾರೆ ಎಂದು ನೋಡಿದರು. ನಂತರ, ಸಣ್ಣ ದನಿಯಲ್ಲಿ, "ಫೋನ್ ನೋಡ್ತಿದ್ದೆ. ತಪ್ಪಾಯ್ತು ಅಮ್ಮ" ಎಂದರು.

ಆ ಮಾತು ಕೇಳಿದರೆ ಮನಸ್ಸು ಹಗುರಾಗುತ್ತದೆ ಎಂದು ನಾನು ಎಷ್ಟೋ ದಿನ ಅಂದುಕೊಂಡಿದ್ದೆ. ಹಗುರಾಗಲಿಲ್ಲ. ಅಷ್ಟು ಸುಲಭದ ಮಾತಿಗೆ ಇಷ್ಟು ತಿಂಗಳು ಬೇಕಾಯಿತಲ್ಲ ಎಂದು ಹೊಸದಾಗಿ ಸಿಟ್ಟು ಬಂತು. "ಆಯ್ತು" ಎಂದು ಮಾತ್ರ ಹೇಳಿದೆ. ಕ್ಷಮಿಸಿದ್ದೇನೆ ಎನ್ನಲಿಲ್ಲ. ಅವರೂ ಕೇಳಲಿಲ್ಲ.

ಡಾಕ್ಟರು ಒಪ್ಪಿಗೆ ಕೊಟ್ಟ ಮೇಲೆ, ಮುಂದಿನ ಚಳಿಗಾಲ ಶುರುವಾಗುವಾಗ ಮತ್ತೊಂದು ಬೈಕು ತೆಗೆದುಕೊಂಡೆ. ಹಳೆಯದಕ್ಕಿಂತ ಸ್ವಲ್ಪ ತಗ್ಗಿನದು, ಎರಡೂ ಪಾದ ನೆಲಕ್ಕೆ ಪೂರ್ತಿ ತಾಗುವಂಥದು. ಅತ್ತೆಗೆ ಇನ್ನೂ ಹೇಳಿಲ್ಲ. ಬುಸೈತೀನ್‌ನಲ್ಲಿ ಸಮುದ್ರದ ಹತ್ತಿರದ ಖಾಲಿ ಮೈದಾನದಲ್ಲಿ ಶುಕ್ರವಾರ ಬೆಳಿಗ್ಗೆ ಅಭ್ಯಾಸ ಮಾಡತೊಡಗಿದೆ. ಮೊದಮೊದಲು ನಿಂತ ಕಾರು ಕಂಡರೆ ಸಾಕು, ಬಲಗಾಲು ತಾನಾಗಿ ಬ್ರೇಕ್ ಒತ್ತುತ್ತಿತ್ತು. ಅದು ಕಡಿಮೆಯಾಗಿದೆ, ಹೋಗಿಲ್ಲ.

ಒಂದು ಶುಕ್ರವಾರ ಗಂಡ ತಾವೇ ಬಂದು, ಹಿಂದೆ ಕೂರುತ್ತೇನೆ ಎಂದರು. ಅವರಿಗೂ ಹೆಲ್ಮೆಟ್, ಜಾಕೆಟ್ ಹಾಕಿಸಿದೆ. ಸೆಕೆ ಎಂದು ಗೊಣಗಿದರು. ಹಾಗಾದರೆ ಇಳಿಯಿರಿ ಎಂದೆ. ಇಳಿಯಲಿಲ್ಲ. ಮೈದಾನ ದಾಟಿ, ಸಮುದ್ರದ ಪಕ್ಕದ ರಸ್ತೆಗೆ ಬಂದು ಸ್ವಲ್ಪ ದೂರ ಹೋಗಿರಬೇಕು, ಬಿಳಿ ಕಾರೊಂದು ಇಂಡಿಕೇಟರ್ ಹಾಕದೆ ನಮ್ಮ ಮುಂದಕ್ಕೆ ಬಂದು ಸೇರಿತು. ನಾನು ಅಂತರ ಬಿಟ್ಟೇ ಓಡಿಸುತ್ತಿದ್ದೆ, ಆದ್ದರಿಂದ ಬ್ರೇಕ್ ಹಿಡಿದು ನಿಧಾನ ಮಾಡುವುದಕ್ಕೆ ಜಾಗವಿತ್ತು. ನಾನು ಬಾಯಿ ತೆರೆಯುವುದಕ್ಕೂ ಮೊದಲು ಹಿಂದಿನಿಂದ ಗಂಡನ ದನಿ ಕೇಳಿತು. ತುಳುವಿನಲ್ಲಿ, ನಾನು ಅವರ ಬಾಯಲ್ಲಿ ಹಿಂದೆಂದೂ ಕೇಳದ ಮಾತುಗಳನ್ನು ಆ ಕಾರಿನವನಿಗೆ ಬೈಯುತ್ತಿದ್ದರು.